ಕಡಲ ತಳದಿಂದ ಎದ್ದ ಮಲೈಟಾ

ವಿಜಯಪುರದ ಕಡೆಯವರಿಗೆ ಕಪ್ಪು ಕಲ್ಲು ಹೊಸದಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಅಲ್ಲಿ ಬಸಾಲ್ಟ್ ಆಗಿ ಗಟ್ಟಿಯಾಗಿದೆ. ಅದಕ್ಕಿಂತಲೂ ದೊಡ್ಡದಾದ, ಸುಮಾರು 12 ಕೋಟಿ ವರ್ಷ ಹಳೆಯ ಬಸಾಲ್ಟ್ ಹಾಸೊಂದು ಪೆಸಿಫಿಕ್ ಸಾಗರದ ತಳದಲ್ಲಿದೆ. ಅದರ ಹೆಸರು ಒಂಟಾಂಗ್ ಜಾವಾ ಪ್ರಸ್ಥಭೂಮಿ. ಅದನ್ನು ಮುಟ್ಟಿ ನೋಡಲು ಕಡಲಿಗೆ ಇಳಿಯಬೇಕಿಲ್ಲ, ಸಾಲೊಮನ್ ದ್ವೀಪಗಳು ಎಂಬ ದೇಶದ ಮಲೈಟಾ ದ್ವೀಪಕ್ಕೆ ಹೋದರೆ ಸಾಕು. ಈ ಬಸಾಲ್ಟಿನ ಎರಡು ಮುಖ್ಯ ಬಗೆಗಳಿಗೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರುಗಳೂ ಅಲ್ಲಿನವೇ: ಕ್ವಾಯಿಂಬೈಟಾ ಮತ್ತು ಸಿಂಗಾಲೊ.

ಸಾಗರದ ಶಿಲಾಫಲಕ ಮತ್ತೊಂದಕ್ಕೆ ಡಿಕ್ಕಿ ಹೊಡೆದರೆ ಸಾಮಾನ್ಯವಾಗಿ ಅದರ ಅಡಿಗೆ ಜಾರಿ ಮುಳುಗುತ್ತದೆ. ಈ ಹಾಸು ಮಾತ್ರ ಸುಲಭಕ್ಕೆ ಮುಳುಗಲಿಲ್ಲ. ಸುಮಾರು 30 ಕಿ.ಮೀ. ದಪ್ಪದ ತೊಗಟೆ ಅದರದು. ಹಾಗಾಗಿ ಮೇಲಿನ ಪದರ ಕಿತ್ತುಬಂದು, ಕಂಬಳಿಯಂತೆ ಮಡಿಕೆ ಮಡಿಕೆಯಾಗಿ ಮೇಲೆದ್ದಿತು. ಸುಮಾರು 160 ಕಿ.ಮೀ. ಉದ್ದದ, ಅಗಲ ಕಡಿಮೆಯ ಮಲೈಟಾ ದ್ವೀಪ ಹುಟ್ಟಿದ್ದು ಹೀಗೆ. ಅತಿ ಎತ್ತರದ ಶಿಖರ ಸುಮಾರು 1,300 ಮೀಟರ್.

ಇಂಥ ಕಡಿದಾದ ಏಣು ಕಣಿವೆಗಳ ನಡುವೆ ಹತ್ತಕ್ಕೂ ಹೆಚ್ಚು ಭಾಷೆಗಳು ಬೆಳೆದವು. ಇಡೀ ದ್ವೀಪವನ್ನು ಆಳುವ ಅರಸನಂತೂ ಇರಲಿಲ್ಲ. ಕಾಡಿನವರು ಬೇರೆ, ಕಡಲಿನವರು ಬೇರೆ.

ಕಡಲಿನವರ ಕೆಲಸ ಬೆರಗು ಹುಟ್ಟಿಸುತ್ತದೆ. ಈಶಾನ್ಯದ ಲಾವ್ ಲಗೂನಿನಲ್ಲಿ, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ಕಡಲಿನಲ್ಲಿ, ಅವರು ದ್ವೀಪಗಳನ್ನೇ ಕಟ್ಟಿದ್ದಾರೆ. ಆಳವಿಲ್ಲದ ನೀರಿನಲ್ಲಿ ಹವಳದ ಬಂಡೆಗಳನ್ನು ಮೀಟಿ ಎಬ್ಬಿಸಿ, ತೆಪ್ಪದ ಮೇಲೆ ಹೇರಿ ತಂದು, ಒಂದರ ಮೇಲೊಂದು ಪೇರಿಸಿ, ಭರತದ ನೀರಿಗೂ ನಿಲುಕದಷ್ಟು ಎತ್ತರಿಸಿ, ಮೇಲೆ ಮಣ್ಣು ಮರಳು ಸುರಿದು ಮನೆ ಕಟ್ಟುತ್ತಾರೆ. ಅಲ್ಲಿ ಸೊಳ್ಳೆ ಕಡಿಮೆ, ಹಿಂದಿನ ಕಾಲದಲ್ಲಿ ಕಾಡಿನವರ ದಾಳಿಯ ಭಯವೂ ಕಡಿಮೆ. ಪಶ್ಚಿಮದ ಲಂಗಲಂಗ ಲಗೂನಿನವರು ಚಿಪ್ಪು ಒಡೆದು, ತೂತು ಕೊರೆದು, ಉಜ್ಜಿ ನಯಗೊಳಿಸಿ ಹಣದ ಸರ ಪೋಣಿಸುತ್ತಾರೆ. ಕೆಂಪು ಮಣಿಗೆ ಬೆಲೆ ಹೆಚ್ಚು. ಮದುವೆಗೂ, ಜಗಳದ ಪರಿಹಾರಕ್ಕೂ ಈ ಸರ ಇಂದಿಗೂ ಕೈ ಬದಲಾಯಿಸುತ್ತದೆ.

ಹೊರಗಿನವರು ಇಲ್ಲಿಗೆ ಬಂದದ್ದು ಹೆಚ್ಚಾಗಿ ಆಳುಗಳಿಗಾಗಿ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಸಾವಿರಾರು ಮಲೈಟಾದವರನ್ನು, ಕೆಲವರನ್ನು ಮೋಸದಿಂದ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಮತ್ತು ಫಿಜಿಯ ಕಬ್ಬಿನ ತೋಟಗಳಿಗೆ ಸಾಗಿಸಿದರು. 1893ರಲ್ಲಿ ಬ್ರಿಟಿಷರ ಆಡಳಿತ ಬಂತು, ಆಮೇಲೆ ತಲೆಗಂದಾಯವೂ ಬಂತು.

ಎರಡನೇ ಮಹಾಯುದ್ಧದಲ್ಲಿ ನೆರೆಯ ಗ್ವಾಡಲ್‌ಕೆನಾಲ್ ದ್ವೀಪದಲ್ಲಿ ಮೂಟೆ ಹೊರಲು ಹೋದ ಮಲೈಟಾದ ಕೂಲಿಗಳು ಕಪ್ಪು ವರ್ಣದ ಅಮೆರಿಕನ್ ಸೈನಿಕರನ್ನು ಕಂಡರು. ಬಿಳಿಯರಂತೆಯೇ ಸಮವಸ್ತ್ರ ತೊಟ್ಟವರು, ತಮ್ಮ ಜೊತೆ ಕೂತು ಉಂಡವರು. 1944ರ ಹೊತ್ತಿಗೆ ದಕ್ಷಿಣದ ಅರೆ-ಅರೆ ಸೀಮೆಯಲ್ಲಿ ನೋರಿ ಮತ್ತು ಸಂಗಡಿಗರು ಮಾಸಿನಾ ರೂರು ಚಳವಳಿ ಆರಂಭಿಸಿದರು. ಮಾಸಿನಾ ಎಂದರೆ ಒಡಹುಟ್ಟು. ತೋಟದ ಕೂಲಿಗೆ ಹೋಗುವುದನ್ನು ನಿಲ್ಲಿಸಿದರು. ಕಾಡಿನವರು ಬೆಟ್ಟ ಇಳಿದು ಕರಾವಳಿಯಲ್ಲಿ ದೊಡ್ಡ ಊರುಗಳನ್ನು ಕಟ್ಟಿದರು, ಒಟ್ಟಾಗಿ ಬೇಸಾಯ ಮಾಡಿದರು, ತಮ್ಮ ಕಟ್ಟಳೆಗಳನ್ನು ಬರೆದಿಟ್ಟರು. ಒಂಬತ್ತು ಜಿಲ್ಲೆ, ಒಂದೊಂದಕ್ಕೂ ಒಬ್ಬ ಮುಖ್ಯಸ್ಥ. ಬೆಟ್ಟಗಳು ಅಷ್ಟು ಕಾಲ ಬೇರೆ ಬೇರೆ ಇರಿಸಿದ್ದ ಜನ ಒಂದು ಆಡಳಿತವನ್ನು ತಾವೇ ಕಟ್ಟಿಕೊಂಡರಲ್ಲ, ನನಗೆ ಅದು ಕೃತಕ ದ್ವೀಪಗಳಿಗಿಂತ ದೊಡ್ಡ ಕಟ್ಟೋಣ ಅನಿಸುತ್ತದೆ.

1947ರಲ್ಲಿ ಸರ್ಕಾರ ನಾಯಕರನ್ನು ಬಂಧಿಸಿತು. ಜನ ಕಂದಾಯ ಕೊಡದೆ ಸಾವಿರಗಟ್ಟಲೆ ಜೈಲಿಗೆ ಹೋದರು. ಕೊನೆಗೆ ಮಣಿದದ್ದು ಸರ್ಕಾರವೇ. 1953ರಲ್ಲಿ ಮಲೈಟಾ ಕೌನ್ಸಿಲ್ ಕೂಡಿತು, ಚಳವಳಿಯ ಸಲಾನಾ ಗಾ ಅದರ ಮೊದಲ ಅಧ್ಯಕ್ಷ.

1978ರಲ್ಲಿ ದೇಶ ಸ್ವತಂತ್ರವಾಯಿತು. 2019ರಲ್ಲಿ ರಾಜಧಾನಿ ಹೊನಿಯಾರಾದ ಕೇಂದ್ರ ಸರ್ಕಾರ ತೈವಾನನ್ನು ಬಿಟ್ಟು ಚೀನಾದ ಕಡೆ ಹೊರಳಿದಾಗ ಮಲೈಟಾ ಪ್ರಾಂತ್ಯ ಒಪ್ಪಲಿಲ್ಲ. ಹೊರಗಿನ ಬಹಳ ಮಂದಿ ಅದನ್ನು ದೊಡ್ಡ ದೇಶಗಳ ಹಗ್ಗಜಗ್ಗಾಟವೆಂದಷ್ಟೇ ಓದಿದರು. ಪ್ರಾಂತ್ಯದ ರಾಜಧಾನಿ ಔಕಿಯಲ್ಲಿ ಕೂತವರಿಗೆ ಮೇಲಿನ ಸರ್ಕಾರಕ್ಕೆ ‘ಒಲ್ಲೆವು’ ಎನ್ನುವುದು ಹೊಸದಲ್ಲ. ಅವರ ಅಜ್ಜಂದಿರ ಕಾಲದವರು ಅದೇ ಮಾತಿಗೆ ಜೈಲು ಕಂಡಿದ್ದರು.