ಮುಖ ಮರೆತರೂ ಮರೆಯದ ಕೈ

ಒಬ್ಬಾತ ಮೇಜನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಾನೆ. ನೆತ್ತಿಯ ಮೇಲೆ ಚಾವಣಿಯ ಕಿಟಕಿ ಬಾಯಿ ತೆರೆದಿದೆ, ಅದರಾಚೆ ಬರೀ ನೀಲಿ. ಹಿಡಿತ ಬಿಟ್ಟರೆ ಆ ನೀಲಿ ಅವನನ್ನು ಸೆಳೆದುಕೊಂಡೇ ಬಿಡುತ್ತದೇನೋ ಅನ್ನಿಸುತ್ತದೆ. ಲಂಡನ್ನಿನಲ್ಲಿ ನೆಲೆಸಿದ್ದ ಅಮೆರಿಕದ ಚಿತ್ರಕಾರ ವಿಲಿಯಂ ಉಟರ್‌ಮೋಲನ್ ಈ ಚಿತ್ರ ಬರೆದದ್ದು 1995ರಲ್ಲಿ. ನೆನಪನ್ನು ಅಳಿಸುತ್ತಾ ಹೋಗುವ ಆಲ್ಝೈಮರ್ ಕಾಯಿಲೆ ಎಂದು ವೈದ್ಯರು ಅವರಿಗೆ ಹೇಳಿದ್ದೂ ಅದೇ ವರ್ಷ. ಆಗ ಅವರ ವಯಸ್ಸು 61.

ಮುಂದಿನ ಐದು ವರ್ಷ ಅವರು ತಮ್ಮ ಮುಖವನ್ನೇ ಮತ್ತೆ ಮತ್ತೆ ಬರೆದರು. 1997ರ ಚಿತ್ರದಲ್ಲಿ ಮುಖದ ಪಕ್ಕ ಒಂದು ಗರಗಸ ನಿಂತಿದೆ. ಸತ್ತ ಮೇಲೆ ತಲೆಬುರುಡೆ ಕೊಯ್ದು ನೋಡಿದರಷ್ಟೇ ಈ ಕಾಯಿಲೆ ಖಚಿತವಾಗುತ್ತದೆ ಎಂಬ ಮಾತು ಅವರ ಕಿವಿಗೆ ಬಿದ್ದಿತ್ತು. ಬರಬರುತ್ತಾ ಕಿವಿ ಜಾಗ ತಪ್ಪಿತು, ಕಣ್ಣುಗಳು ಒಂದಕ್ಕೊಂದು ಹೊಂದದೆ ಹೋದವು. 2000ದ ಹೊತ್ತಿಗೆ ಕಾಗದದ ಮೇಲೆ ಉಳಿದದ್ದು ಪೆನ್ಸಿಲ್ಲಿನಲ್ಲಿ ಗೀಚಿದ ಒಂದು ತಲೆಯ ಆಕಾರ, ಅಷ್ಟೆ. ಅವರನ್ನು ನೋಡಿಕೊಳ್ಳುತ್ತಿದ್ದ ತಂಡ 2001ರಲ್ಲಿ ಈ ಚಿತ್ರಗಳನ್ನು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿತು.

ಇದನ್ನು ಕೈಯ ಸೋಲು ಎಂದುಕೊಂಡರೆ ತಪ್ಪು. ಕುಂಚ ಹಿಡಿಯುವುದು, ಗೆರೆ ಎಳೆಯುವುದು, ಸೈಕಲ್ ತುಳಿಯುವುದು, ಹೂ ಕಟ್ಟುವುದು, ಇಂಥ ರೂಢಿಯ ಕೆಲಸಗಳ ನೆನಪು ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ, ಹಿಂಬದಿಯ ಕಿರುಮಿದುಳು ಇವುಗಳ ಪಾಲಿನದು. ಆಲ್ಝೈಮರ್ ಮೊದಲು ಕೈಹಾಕುವುದು ಹೊಸ ನೆನಪುಗಳನ್ನು ಕೂಡಿಡುವ ಹಿಪೊಕ್ಯಾಂಪಸ್‌ಗೆ. ಕ್ರಮೇಣ ನೆತ್ತಿಯ ಹಿಂಭಾಗದ ಪರೈಟಲ್ ಪ್ರದೇಶವೂ ಸೊರಗುತ್ತದೆ. ಯಾವುದು ಎಲ್ಲಿದೆ, ಯಾವುದರ ಪಕ್ಕ ಯಾವುದು ಎಂಬ ಲೆಕ್ಕ ಇಡುವುದು ಆ ಭಾಗ. ಹಾಗಾಗಿ ಉಟರ್‌ಮೋಲನ್‌ರ ಕೈಗೆ ಗೆರೆ ಗೊತ್ತಿತ್ತು, ಮೂಗು ಎಲ್ಲಿ ಬರಬೇಕೆನ್ನುವುದು ಗೊತ್ತಾಗುತ್ತಿರಲಿಲ್ಲ. ಮರೆವಿನ ತಪಾಸಣೆಗೆ ಹೋದವರಿಗೆ ‘ಒಂದು ಗಡಿಯಾರ ಬರೆಯಿರಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ’ ಎನ್ನುವುದು ಇದೇ ಕಾರಣಕ್ಕೆ. (ಜೀವಮಾನದಲ್ಲಿ ಪೆನ್ಸಿಲ್ ಹಿಡಿಯದ ಅಜ್ಜಿಗೆ ಈ ಪರೀಕ್ಷೆ ಕೊಟ್ಟರೆ ಸಿಗುವುದು ಕಾಯಿಲೆಯ ಸುಳಿವಲ್ಲ, ಶಾಲೆಗೆ ಹೋಗಲಿಲ್ಲ ಎಂಬ ಸುದ್ದಿ. ನಮ್ಮ ಕಡೆ ಇದನ್ನು ಮರೆಯುವಂತಿಲ್ಲ.)

ಚಿತ್ರ ಕಾಯಿಲೆಯನ್ನು ತೋರಿಸಿಕೊಡುತ್ತದೆ, ಸರಿ. ಗುಣಪಡಿಸುತ್ತದೆಯೇ?

‘ಆರ್ಟ್ ಥೆರಪಿ’ ಎಂಬ ಹೆಸರು ಹುಟ್ಟಿದ್ದು ಕ್ಷಯರೋಗದ ವಾರ್ಡಿನಲ್ಲಿ. ಇಂಗ್ಲೆಂಡಿನ ಕಲಾವಿದ ಏಡ್ರಿಯನ್ ಹಿಲ್ 1938ರಲ್ಲಿ ಕ್ಷಯ ತಗುಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಬೇಸರ ಕಳೆಯಲು ಚಿತ್ರ ಬರೆಯತೊಡಗಿದರು, ಆಮೇಲೆ ಪಕ್ಕದ ಹಾಸಿಗೆಯವರ ಕೈಗೂ ಪೆನ್ಸಿಲ್ ಕೊಟ್ಟರು. 1942ರಲ್ಲಿ ಆ ಕೆಲಸಕ್ಕೆ ಈ ಹೆಸರಿಟ್ಟರು. ನನಗೆ ಅವರಿಗಿಂತ ಮುಖ್ಯರೆನಿಸುವವರು ಎಡ್ವರ್ಡ್ ಆಡಮ್ಸನ್. 1946ರಿಂದ ಇಂಗ್ಲೆಂಡಿನ ನೆದರ್ನ್ ಮಾನಸಿಕ ಆಸ್ಪತ್ರೆಯಲ್ಲಿ ಅವರು ರೋಗಿಗಳಿಗೆ ಬಣ್ಣ, ಕಾಗದ, ಕೂರಲು ಜಾಗ ಕೊಟ್ಟರು. ಹೀಗೆ ಬರಿ ಎನ್ನಲಿಲ್ಲ, ಇದರ ಅರ್ಥ ಇದು ಎಂದೂ ಹೇಳಲಿಲ್ಲ. ಮಿದುಳಿನ ನರಗಳನ್ನು ಕತ್ತರಿಸುವ ಲೋಬಾಟಮಿ ನಡೆಯುತ್ತಿದ್ದ ಕಾಲವದು. ಬ್ರೆಜಿಲ್‌ನಲ್ಲಿ ನೀಸೆ ಡ ಸಿಲ್ವೇರಾ ಎಂಬ ವೈದ್ಯೆ ಆ ಶಸ್ತ್ರಚಿಕಿತ್ಸೆಗೂ ವಿದ್ಯುತ್ ಆಘಾತಕ್ಕೂ ‘ಒಲ್ಲೆ’ ಎಂದು, ಅದೇ 1946ರಲ್ಲಿ ರಿಯೋದ ಆಸ್ಪತ್ರೆಯಲ್ಲಿ ಚಿತ್ರಶಾಲೆ ತೆರೆದರು. ರೋಗಿಗಳು ಬರೆದದ್ದನ್ನೆಲ್ಲ ಕಾಪಾಡಲು 1952ರಲ್ಲಿ ಒಂದು ಮ್ಯೂಸಿಯಮ್ಮನ್ನೇ ಕಟ್ಟಿದರು.

ಒಳ್ಳೆಯ ಮನಸ್ಸು ಒಳ್ಳೆಯ ಔಷಧಿಯಾಗಲೇಬೇಕೆಂದಿಲ್ಲ. ಪರೀಕ್ಷೆ ಆಗಬೇಕಿತ್ತು, ಆಯಿತು. ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವ 417 ಜನರನ್ನು ಚೀಟಿ ಎತ್ತಿದ ಹಾಗೆ ಮೂರು ಪಾಲು ಮಾಡಿದರು. ಒಂದು ಪಾಲಿಗೆ ಮಾಮೂಲಿ ಚಿಕಿತ್ಸೆಯ ಜೊತೆ ವಾರಕ್ಕೊಮ್ಮೆ ಗುಂಪಿನಲ್ಲಿ ಕಲಾ ಚಿಕಿತ್ಸೆ, ಇನ್ನೊಂದಕ್ಕೆ ಆಟ, ಹರಟೆಯಂಥ ಚಟುವಟಿಕೆ, ಮೂರನೆಯದಕ್ಕೆ ಮಾಮೂಲಿ ಚಿಕಿತ್ಸೆ ಮಾತ್ರ. ಎರಡು ವರ್ಷವಾದ ಮೇಲೆ ಅಳೆದರೆ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ. 2012ರಲ್ಲಿ ಬಂದ ಈ ಅಧ್ಯಯನದ ಹೆಸರು ‘ಮಟೀಸ್’. ಹೆಸರು ದೊಡ್ಡ ಚಿತ್ರಕಾರನದು, ಫಲ ಸಪ್ಪೆ. ಹಾಜರಿ ತೀರ ಕಡಿಮೆಯಿತ್ತು, ಹಲವರು ಒಂದು ದಿನವೂ ಬರಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಚಿತ್ರದಲ್ಲಿ ಆಸಕ್ತಿಯೇ ಇಲ್ಲದವರಿಗೂ ಚಿತ್ರವನ್ನು ಮಾತ್ರೆಯ ಹಾಗೆ ಬರೆದುಕೊಟ್ಟರೆ ಹೀಗಾಗುತ್ತದೆ ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ. ಅಂಗಡಿಯಲ್ಲಿ ‘ಆರ್ಟ್ ಥೆರಪಿ’ ಎಂದು ಅಚ್ಚು ಹಾಕಿ ಮಾರುವ ಬಣ್ಣ ತುಂಬುವ ಪುಸ್ತಕಕ್ಕೂ ಇದೇ ಮಾತು. ಮನಸ್ಸು ಹಗುರಾಗಬಹುದು, ಒಳ್ಳೆಯದೇ. ತರಬೇತಿ ಪಡೆದ ಚಿಕಿತ್ಸಕರು ಎದುರಿಗೆ ಕೂತು ಮಾಡುವ ಕೆಲಸ ಅದಲ್ಲ.

ಮರೆವಿನ ಕಾಯಿಲೆಯಲ್ಲೂ ಪುರಾವೆ ತೆಳು. ಈ ಬಗೆಯ ಅಧ್ಯಯನಗಳನ್ನು ಜರಡಿ ಹಿಡಿಯುವ ಕಾಕ್ರೇನ್ ಸಂಸ್ಥೆ 2018ರಲ್ಲಿ ಹುಡುಕಿದಾಗ ಲೆಕ್ಕಕ್ಕೆ ಸಿಕ್ಕದ್ದು ಎರಡೇ ಪ್ರಯೋಗ, ಒಟ್ಟು 60 ಜನ. ಅವುಗಳಲ್ಲಿ ಜಪಾನಿನದೊಂದು ನನಗೆ ಬಲು ಇಷ್ಟ. ಆಲ್ಝೈಮರ್‌ನ ಆರಂಭದಲ್ಲಿದ್ದವರನ್ನು ಎರಡು ಗುಂಪು ಮಾಡಿ 12 ವಾರ ಒಂದಕ್ಕೆ ಬಣ್ಣ, ಇನ್ನೊಂದಕ್ಕೆ ಕೂಡುವ ಕಳೆಯುವ ಲೆಕ್ಕ ಕೊಟ್ಟರು. ಬುದ್ಧಿ ಪರೀಕ್ಷೆಯಲ್ಲಿ ಅಂಕ ಏರಿದ್ದು ಲೆಕ್ಕ ಮಾಡಿದವರದು! ಬಣ್ಣ ಹಚ್ಚಿದವರಲ್ಲಿ ತಗ್ಗಿದ್ದು ಬೇರೆಯೇ: ಯಾವುದೂ ಬೇಡವೆಂದು ಮೂಲೆ ಹಿಡಿಯುವ ನಿರಾಸಕ್ತಿ. ಇಂಥ ರೋಗಿಯನ್ನು ಮನೆಯಲ್ಲಿ ನೋಡಿಕೊಂಡವರನ್ನು ಕೇಳಿ. ಮರೆವಿಗಿಂತ ಹೆಚ್ಚು ಸುಸ್ತು ಮಾಡುವುದು ಈ ‘ಬೇಡ’ವೇ.

ತರಗತಿಗೆ ಹೋದದ್ದೇ ನೆನಪಿರದವರಿಗೆ ತರಗತಿಯಿಂದ ಏನು ಸಿಕ್ಕೀತು ಎನ್ನಬಹುದು. ಅಮೆರಿಕದ ಅಯೋವಾದಲ್ಲಿ 2014ರಲ್ಲಿ ಸಂಶೋಧಕರು ಆಲ್ಝೈಮರ್ ರೋಗಿಗಳಿಗೆ ನಗಿಸುವ, ಅಳಿಸುವ ಸಿನಿಮಾ ತುಣುಕುಗಳನ್ನು ತೋರಿಸಿದ್ದರು. ಕೆಲವೇ ನಿಮಿಷಗಳಲ್ಲಿ ನೋಡಿದ್ದೇನೆಂಬುದು ಬಹುತೇಕ ಅಳಿಸಿಹೋಯಿತು. ಸಂತೋಷ, ದುಃಖ ಮಾತ್ರ ಅದಾದ ಮೇಲೂ ಉಳಿದೇ ಇದ್ದವು. ಸಂಗತಿ ಒಂದು ಖಾತೆ, ಭಾವ ಇನ್ನೊಂದು ಖಾತೆ.

ಈ ವಿದ್ಯೆ ಬಲ್ಲವರು ರೋಗಿಯ ಚಿತ್ರ ನೋಡಿ ‘ಇದೇನಿದು?’ ಎಂದು ಕೇಳದಿರುವುದು ಅದಕ್ಕೇ. ಹೆಸರು ಹೊಳೆಯದವರಿಗೆ ಅದೂ ಒಂದು ಪರೀಕ್ಷೆ, ಫೇಲಾಗುವುದು ಖಚಿತ. ಅವರು ಎರಡು ಬಣ್ಣದ ಬಟ್ಟಲು ಮುಂದೆ ತಳ್ಳಿ, ‘ಈ ಮೂಲೆಗೆ ಯಾವುದು ಹಾಕೋಣಮ್ಮ?’ ಎನ್ನುತ್ತಾರೆ. ಆಮೇಲೆ ಆಡಮ್ಸನ್ ಹಾಗೆ ಸುಮ್ಮನೆ ಕೂತು ಕಾಯುತ್ತಾರೆ.