ಸಾಡೇಸಾತಿ ನಡೀತಿದೆ, ಶಾರ್ಟ್ ಫಿಲ್ಮ್ ಈಗ ಮಾಡಬಹುದಾ?

ಈ ಪ್ರಶ್ನೆ ಬರದ ವಾರವೇ ಇಲ್ಲ. ರಾಶಿ ಬೇರೆ ಇರುತ್ತದೆ. ಆಸೆಯೂ ಬೇರೆ, ಒಬ್ಬರಿಗೆ ಸಿನಿಮಾ, ಇನ್ನೊಬ್ಬರಿಗೆ ಹಾಡು, ಮತ್ತೊಬ್ಬರಿಗೆ ಕಾರ್ಟೂನು. ಮಿಕ್ಕಿದ್ದೆಲ್ಲ ಅದೇ. ಈ ಸಲದ್ದು ಹೀಗಿದೆ: "ಸರ್, ನಂದು ಮೇಷ ರಾಶಿ, ಭರಣಿ ನಕ್ಷತ್ರ. ಶಾರ್ಟ್ ಫಿಲ್ಮ್ ಮಾಡಿ ಇಂಡಸ್ಟ್ರಿಗೆ ಬರಬೇಕು ಅಂತಿದ್ದೀನಿ. ಸಾಡೇಸಾತಿ ಶುರುವಾಗಿದೆ, ಈಗ ಹೊಸದೇನೂ ಶುರು ಮಾಡಬಾರದು ಅಂತಾರೆ. ಏನಾದ್ರೂ ಪರಿಹಾರ ಇದ್ಯಾ?"

ಮೊದಲು ಪರಿಹಾರ ಹೇಳಿಬಿಡ್ತೀನಿ, ಅದು ಬೇಗ ಮುಗಿಯುತ್ತದೆ. ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿ. ನವಗ್ರಹಕ್ಕೆ ಪ್ರದಕ್ಷಿಣೆ ಹಾಕಿ, ಆಂಜನೇಯನ ಗುಡಿಗೆ ಹೋಗಿ ಬನ್ನಿ. ಮನೆಯಲ್ಲಿ ಎಳ್ಳು ದಾನ ಕೊಡುವ ರೂಢಿ ಇದ್ದರೆ ಕೊಡಿ. ಮನಸ್ಸಿಗೆ ಸಮಾಧಾನ, ಖರ್ಚೂ ಜಾಸ್ತಿ ಇಲ್ಲ, ಅಮ್ಮನಿಗೂ ಖುಷಿ. ನೀಲದ ಉಂಗುರ ಮಾತ್ರ ಬೇಡ. "ಮೂರು ರಾತ್ರಿ ದಿಂಬಿನ ಕೆಳಗೆ ಇಟ್ಟು ನೋಡಿ, ಆಗಿಬಂದರೆ ಹಾಕ್ಕೊಳ್ಳಿ" ಅಂತ ಮಾರುವವರಿದ್ದಾರೆ. ಆ ದುಡ್ಡಿಗೆ ಒಳ್ಳೆ ಮೈಕ್ ಬರುತ್ತದೆ ಸ್ವಾಮಿ.

ಈಗ ಆ "ಹೊಸದೇನೂ ಶುರು ಮಾಡಬಾರದು" ಅನ್ನೋ ಮಾತಿಗೆ ಬರೋಣ. ಎಷ್ಟು ಸಲ ಹೇಳಿದರೂ ಇದು ಸಾಯುವುದಿಲ್ಲ, ಅದಕ್ಕೆ ಈ ಸಲ ಲೆಕ್ಕ ಹಾಕಿಯೇ ತೋರಿಸ್ತೀನಿ. ಶನಿ ಒಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ ಇರುತ್ತಾನೆ. ನಿಮ್ಮ ರಾಶಿ, ಅದರ ಹಿಂದಿನದು, ಮುಂದಿನದು, ಮೂರೂ ಸೇರಿದರೆ ಏಳೂವರೆ ವರ್ಷ, ಅದೇ ಸಾಡೇಸಾತಿ. ಅಂದರೆ ಯಾವಾಗ ನೋಡಿದರೂ ಹನ್ನೆರಡರಲ್ಲಿ ಮೂರು ರಾಶಿಯವರಿಗೆ ಸಾಡೇಸಾತಿ ಇದ್ದೇ ಇರುತ್ತದೆ. ಊರಿನ ಕಾಲು ಭಾಗ ಜನ! ಒಂದು ಸಿನಿಮಾ ಸೆಟ್‌ನಲ್ಲಿ ನೂರು ಜನ ಇದ್ದರೆ ಅದರಲ್ಲಿ ಹೆಚ್ಚುಕಮ್ಮಿ ಇಪ್ಪತ್ತೈದು ಜನ ಸಾಡೇಸಾತಿಯವರೇ. ಅವರನ್ನೆಲ್ಲ ಮನೆಗೆ ಕಳಿಸಿದರೆ ಲೈಟ್ ಹಿಡಿಯೋರು ಯಾರು?

ಇಷ್ಟಕ್ಕೇ ಮುಗಿಯಲಿಲ್ಲ. ಸಾಡೇಸಾತಿ ಕಳೆದು ಎರಡೂವರೆ ವರ್ಷ ಆಗುವಷ್ಟರಲ್ಲಿ ಶನಿ ನಾಲ್ಕನೇ ಮನೆಗೆ, ಅಂದರೆ ನಿಮ್ಮ ರಾಶಿಯನ್ನೇ ಒಂದು ಅಂತ ಎಣಿಸಿದರೆ ನಾಲ್ಕನೇ ರಾಶಿಗೆ, ಬಂದು ಅರ್ಧಾಷ್ಟಮ ಶನಿ, ಆಮೇಲೆ ಪಂಚಮ ಶನಿ, ಆಮೇಲೆ ಅಷ್ಟಮ ಶನಿ. ಗೋಚಾರದ, ಅಂದರೆ ಗ್ರಹಗಳ ಸಂಚಾರದ, ನಿಯಮವನ್ನೇ ಹಿಡಿದು ಹೇಳೋದಾದರೆ ನಿಮ್ಮ ರಾಶಿಯಿಂದ 3, 6, 11ನೇ ಮನೆಯಲ್ಲಿದ್ದಾಗ ಮಾತ್ರ ಶನಿ ಒಳ್ಳೆಯವನು. ಆ ಮೂರು ಮನೆ ಅಕ್ಕಪಕ್ಕ ಇಲ್ಲ, ಹಾಗಾಗಿ ಒಳ್ಳೆ ಕಾಲ ಬಂದರೂ ಒಂದು ಸಲಕ್ಕೆ ಎರಡೂವರೆ ವರ್ಷ, ಅಷ್ಟೇ. ಮೇಷದವರು 2032ರವರೆಗೆ ಕಾಯಬೇಕು, ಆಗ ಸಿಗೋದು ಎರಡೂವರೆ ವರ್ಷ, ಮತ್ತೆ ಐದು ವರ್ಷ ಕಾಯಬೇಕು! ಈ ಲೆಕ್ಕದಲ್ಲಿ ಯಾರು ಏನು ಕಲಿಯೋಕಾಗುತ್ತೆ?

ಇನ್ನೊಂದು ತಮಾಷೆ. ಆಕಾಶದಲ್ಲಿ ಗ್ರಹ ನಿಜವಾಗಿ ಎಲ್ಲಿದೆ ಅಂತ ನೋಡಿ ಲೆಕ್ಕ ಹಾಕುವ ದೃಗ್ಗಣಿತದ ಪ್ರಕಾರ ಶನಿ ಮೀನಕ್ಕೆ ಬಂದಿದ್ದು 2025ರ ಮಾರ್ಚ್ 29ಕ್ಕೆ. ಹಳೇ ಸೂತ್ರಗಳ ಲೆಕ್ಕದ ವಾಕ್ಯ ಪಂಚಾಂಗ ಅನುಸರಿಸುವ ತಿರುನಳ್ಳಾರ್ ದೇವಸ್ಥಾನದವರು, ಅದೂ ಶನಿಗೇ ಹೆಸರಾದ ಕ್ಷೇತ್ರದವರು, ನಮ್ಮಲ್ಲಿ 2026ಕ್ಕೆ ಅಂದರು. ಅಂದರೆ ಸುಮಾರು ಒಂದು ವರ್ಷ ನಿಮಗೆ ಒಂದು ಪಂಚಾಂಗದಲ್ಲಿ ಸಾಡೇಸಾತಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಆ ವರ್ಷ ನಿಮ್ಮ ಕ್ಯಾಮೆರಾ ಯಾವ ಪಂಚಾಂಗ ನೋಡಿ ಆನ್ ಆಗಬೇಕಿತ್ತು? ಶನಿ ದುಡಿಮೆಯ ಗ್ರಹ ಅಂತ ಜ್ಯೋತಿಷಿಗಳೇ ಹೇಳ್ತಾರೆ. ಅವನಿಗೆ ಹೆದರಿ ದುಡಿಮೆ ಬಿಡೋದು ನನಗಂತೂ ಅರ್ಥವಾಗದ ವಿಷಯ.

ಹಾಗಾದರೆ ಏನು ಮಾಡಬೇಕು? ಒಂದು ಕೋಣೆ, ಇಬ್ಬರು ಸ್ನೇಹಿತರು, ಎರಡು ನಿಮಿಷದ ಕಥೆ. ಕೈಯಲ್ಲಿರೋ ಫೋನೇ ಸಾಕು. ಶುರುವಿನವರೆಲ್ಲ ಚಿತ್ರದ ಬಗ್ಗೆ ತಲೆಕೆಡಿಸಿಕೊಂಡು ಧ್ವನಿಯಲ್ಲಿ ಬೀಳ್ತಾರೆ. ಅದಕ್ಕೆ ಇನ್ನೊಂದು ಫೋನನ್ನು ಮಾತಾಡುವವರ ಅಂಗಿ ಜೇಬಲ್ಲಿಟ್ಟು ರೆಕಾರ್ಡ್ ಮಾಡಿ. ಶಾಟ್ ಶುರುವಾಗುವಾಗ ಕ್ಯಾಮೆರಾ ಮುಂದೆ ಜೋರಾಗಿ ಒಂದು ಚಪ್ಪಾಳೆ ತಟ್ಟಿ, ಎಡಿಟಿಂಗ್‌ನಲ್ಲಿ ಎರಡನ್ನೂ ಆ ಸದ್ದಿಗೆ ಹೊಂದಿಸಬಹುದು. ಫ್ಯಾನ್ ಆಫ್. ಫ್ರಿಜ್ಜೂ ಆಫ್, ಅದರ ಗುಂಯ್ ಅನ್ನೋ ಸದ್ದು ಆಮೇಲೆ ತೆಗೆಯೋಕೆ ಕಷ್ಟ. ಗಾಡಿ ಕೀಯನ್ನು ಫ್ರಿಜ್ ಒಳಗೇ ಇಟ್ಟುಬಿಡಿ. ಹೊರಡುವಾಗ ಕೀ ಹುಡುಕ್ತೀರಲ್ಲ, ಆಗ ಫ್ರಿಜ್ ಮತ್ತೆ ಆನ್ ಮಾಡೋದು ನೆನಪಾಗುತ್ತೆ, ಹಾಲು ಕೆಡಲ್ಲ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳ ಸಾಕು. ಮೊದಲನೆಯದು ಚೆನ್ನಾಗಿರಲ್ಲ, ಯಾರದ್ದೂ ಇರಲ್ಲ. ಐದಾರು ಮಾಡಿ, ಅದರಲ್ಲಿ ವಾಸಿ ಅನ್ನಿಸಿದ ಎರಡನ್ನು ಹಿಡ್ಕೊಂಡು ಯಾವುದಾದರೂ ಎಡಿಟರ್ ಹತ್ತಿರ ಅಸಿಸ್ಟೆಂಟ್ ಕೆಲಸ ಕೇಳಿ. ಅಲ್ಲಿ ಜಾತಕ ಯಾರೂ ಕೇಳಲ್ಲ, ಏನು ಮಾಡಿದ್ದೀಯ ತೋರಿಸು ಅಂತಾರೆ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡ್ತೀನಿ: ಹೆಸರಿಗೆ ಇಂಗ್ಲಿಷ್‌ನ ಒಂದು "ಎ", ಒಂದು "ಎಚ್" ಜಾಸ್ತಿ ಸೇರಿಸ್ಕೊಳ್ಳೋ ಸಂಖ್ಯಾಶಾಸ್ತ್ರದ ವಿಚಾರ. ಸೇರಿಸಲೇಬೇಕು ಅನ್ನಿಸಿದರೆ ಮೊದಲ ಫಿಲ್ಮ್ ಹೊರಬರೋಕೆ ಮುಂಚೆ ಸೇರಿಸಿ. ಮೂರು ಫಿಲ್ಮ್ ಆದಮೇಲೆ ಬದಲಾಯಿಸಿದರೆ ಹೊಸ ಸ್ಪೆಲ್ಲಿಂಗ್‌ನಲ್ಲಿ ಹುಡುಕಿದವರಿಗೆ ಹಳೇ ಕೆಲಸ ಸಿಗಲ್ಲ. ಇನ್ನು ಬ್ಯಾಂಕ್ ಖಾತೆ ಮತ್ತು ಪ್ಯಾನ್ ಕಾರ್ಡ್‌ನಲ್ಲಿ ಹಳೇ ಹೆಸರೇ ಇರುತ್ತೆ. ಬಿಲ್ಲನ್ನೂ ಅದೇ ಹೆಸರಲ್ಲಿ ಕೊಡಿ, ಇಲ್ಲದಿದ್ರೆ ಬರಬೇಕಾದ ಪೇಮೆಂಟ್ ಅಲ್ಲೇ ಸಿಕ್ಕಿಕೊಳ್ಳುತ್ತೆ.