ಲಿನಕ್ಸ್ ಬೂಟ್ ಆಗುವಾಗ /ಡೆವ್ ತುಂಬುವುದು ಹೇಗೆ?

ಲಿನಕ್ಸ್‌ನಲ್ಲಿ ಡಿಸ್ಕ್‌ನಂಥ ಸಾಧನಗಳನ್ನು ಪ್ರತಿನಿಧಿಸುವ ಡಿವೈಸ್ ಫೈಲ್‌ಗಳು /ಡೆವ್ ಎಂಬ ಡೈರೆಕ್ಟರಿಯಲ್ಲಿರುತ್ತವೆ. 'ಡಿವೈಸ್ ಫೈಲ್‌ಗಳನ್ನು ಯುಡೆವ್ ಸೃಷ್ಟಿಸುತ್ತದೆ' ಎಂಬ ಸಾಲು ಎಷ್ಟೋ ನೋಟ್ಸ್‌ಗಳಲ್ಲಿ ಈಗಲೂ ಸಿಗುತ್ತದೆ. ಯುಡೆವ್ ಎಂದರೆ ಹಿನ್ನೆಲೆಯಲ್ಲಿ ಓಡುವ ಒಂದು ಪ್ರೋಗ್ರಾಂ. ಒಂದು ಕಾಲಕ್ಕೆ ಅದು ಸರಿಯೇ. ಈಗ ಆ ಕೆಲಸ ಲಿನಕ್ಸ್‌ನ ತಿರುಳಾದ ಕರ್ನಲ್‌ನದು. ಇದೊಂದು ತಲೆಗೆ ಹತ್ತಿದರೆ ಉಳಿದದ್ದು ಸಲೀಸು.

ಮೊದಲು ಟರ್ಮಿನಲ್‌ನಲ್ಲಿ 'ಎಲ್‌ಎಸ್ -ಎಲ್ /ಡೆವ್/ಎಸ್‌ಡಿಎ' ಕೊಟ್ಟು ನೋಡಿ (ಎಸ್‌ಡಿಎ ಅಂದರೆ ಮೊದಲ ಡಿಸ್ಕ್). ಸಾಲಿನ ಮೊದಲ ಅಕ್ಷರ 'ಬಿ', ಅಂದರೆ ಬ್ಲಾಕ್ ಡಿವೈಸ್ (ಡಿಸ್ಕ್‌ನಂತೆ ಡೇಟಾವನ್ನು ತುಂಡುತುಂಡಾಗಿ ಓದಿ ಬರೆಯುವ ಸಾಧನ). ಮಾಮೂಲಿ ಫೈಲ್ ಆಗಿದ್ದರೆ ಸೈಜ್ ಇರುತ್ತಿದ್ದ ಜಾಗದಲ್ಲಿ '8, 0' ಎಂದಿರುತ್ತದೆ. 8 ಮೇಜರ್ ನಂಬರ್, ಯಾವ ಡ್ರೈವರ್ ಅಂತ ಹೇಳುತ್ತದೆ. 0 ಮೈನರ್ ನಂಬರ್, ಆ ಡ್ರೈವರ್‌ನ ಕೈಕೆಳಗಿರುವ ಯಾವ ಸಾಧನ ಅಂತ. ಮೊದಲ ಪಾರ್ಟಿಷನ್ 8, 1. ಎರಡನೇ ಡಿಸ್ಕ್ ಎಸ್‌ಡಿಬಿ ಶುರುವಾಗುವುದು 8, 16ರಿಂದ, ಯಾಕೆಂದರೆ ಒಂದೊಂದು ಡಿಸ್ಕ್‌ಗೂ 16 ಮೈನರ್ ನಂಬರ್ ಮೀಸಲು. ಫೈಲ್‌ನ ಒಳಗೆ ಡೇಟಾ ಏನೂ ಇಲ್ಲ. ಕರ್ನಲ್‌ಗೆ ಬೇಕಿರುವುದು ಈ ನಂಬರ್‌ಗಳೇ ಹೊರತು ಹೆಸರಲ್ಲ.

ಹಿಂದೆ ಮೇಕ್‌ಡೆವ್ ಸ್ಕ್ರಿಪ್ಟ್ ಓಡಿಸಿ, ಇರುವ ಸಾಧನ, ಇಲ್ಲದ ಸಾಧನ ಎಲ್ಲಕ್ಕೂ ಫೈಲ್ ಮಾಡಿಡುತ್ತಿದ್ದರು. 2003ರಲ್ಲಿ ಯುಡೆವ್ ಬಂತು. 2009ರ ಕೊನೆಗೆ ಕರ್ನಲ್ 2.6.32ರ ಜೊತೆ ಡೆವ್‌ಟಿಎಂಪಿಎಫ್‌ಎಸ್ ಬಂತು. ಇದು ರ‍್ಯಾಮ್‌ನಲ್ಲಿರುವ ಫೈಲ್‌ಸಿಸ್ಟಮ್. ಡ್ರೈವರ್ ಸಾಧನವನ್ನು ಗುರುತಿಸಿದ ಕೂಡಲೇ ಕರ್ನಲ್ ಅದರಲ್ಲಿ ಫೈಲ್ ಮಾಡುತ್ತದೆ. ಪ್ರತಿ ಬೂಟ್‌ಗೂ ಎಲ್ಲ ಹೊಸದಾಗಿ.

ಹಾಗಾದರೆ ಯುಡೆವ್‌ಗೆ ಏನು ಕೆಲಸ? ರೂಲ್ಸ್ ಓದಿ ಪರ್ಮಿಷನ್, ಗ್ರೂಪ್ ಹೊಂದಿಸುವುದು, ಬೇಕಾದ ಡ್ರೈವರ್ ಮಾಡ್ಯೂಲ್ ಲೋಡ್ ಮಾಡಿಸುವುದು, ಸಿಮ್‌ಲಿಂಕ್ (ಇನ್ನೊಂದು ಫೈಲ್‌ನತ್ತ ಬೆರಳು ತೋರಿಸುವ ಹೆಸರು) ಹಾಕುವುದು. 'ಯುಡೆವ್‌ಎಡಿಎಂ ಮಾನಿಟರ್' ಕೊಟ್ಟು ಪೆನ್‌ಡ್ರೈವ್ ಚುಚ್ಚಿ. ಒಂದೇ ಘಟನೆ 'ಕರ್ನಲ್' ಎಂದು ಒಮ್ಮೆ, 'ಯುಡೆವ್' ಎಂದು ಇನ್ನೊಮ್ಮೆ ಬರುತ್ತದೆ.

ನನಗೆ ಬಹಳ ಇಷ್ಟವಾದ ಭಾಗ ಕೋಲ್ಡ್‌ಪ್ಲಗ್, ಅಂದರೆ ಮೊದಲೇ ಜೋಡಿಸಿದ್ದ ಸಾಧನಗಳನ್ನು ಬೂಟ್‌ನಲ್ಲಿ ನಿಭಾಯಿಸುವುದು. ಯುಡೆವ್ ಏಳುವ ಮೊದಲೇ ಕರ್ನಲ್ ಎಷ್ಟೋ ಸಾಧನಗಳನ್ನು ಕಂಡುಹಿಡಿದಾಗಿರುತ್ತದೆ. ಆಗ ಅದು ಕೂಗಿ ಹೇಳಿದ್ದನ್ನು ಕೇಳುವವರೇ ಇರಲಿಲ್ಲ, ಅಲ್ವಾ? ಅದಕ್ಕೇ ಬೂಟ್‌ನಲ್ಲಿ 'ಯುಡೆವ್‌ಎಡಿಎಂ ಟ್ರಿಗರ್' ಓಡುತ್ತದೆ. ಅದು /ಸಿಸ್ (ಕರ್ನಲ್ ಸಾಧನಗಳ ಮಾಹಿತಿ ತೋರಿಸುವ ಡೈರೆಕ್ಟರಿ) ಒಳಗೆ ಹೋಗಿ ಪ್ರತಿ ಸಾಧನದ 'ಯುಇವೆಂಟ್' ಫೈಲ್‌ಗೆ 'ಆ್ಯಡ್' ಎಂದು ಬರೆಯುತ್ತದೆ. ಕರ್ನಲ್ ಅದೇ ಸುದ್ದಿಯನ್ನು ಮತ್ತೆ ಕಳಿಸುತ್ತದೆ. ಈ ಸಲ ಯುಡೆವ್ ಕೇಳಿಸಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಸಾಧನಗಳು ಸಿಗುವ ಕ್ರಮ ಪ್ರತಿ ಸಲ ಒಂದೇ ಇರಬೇಕೆಂದಿಲ್ಲ. ಇವತ್ತಿನ ಎಸ್‌ಡಿಎ ನಾಳೆ ಎಸ್‌ಡಿಬಿ ಆಗಬಹುದು. ಆದ್ದರಿಂದ ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಪಾರ್ಟಿಷನ್ ಎಲ್ಲಿ ಜೋಡಿಸಬೇಕೆಂದು ಹೇಳುವ ಫೈಲ್) ಆ ಹೆಸರು ಬೇಡ, ಯುಯುಐಡಿ (ಒಂದೊಂದು ಫೈಲ್‌ಸಿಸ್ಟಮ್‌ಗೂ ಇರುವ ಬೇರೆಬೇರೆ ಗುರುತಿನ ಸಂಖ್ಯೆ) ಬರೆಯಿರಿ. ಯಾವ ಯುಯುಐಡಿ ಯಾವ ಪಾರ್ಟಿಷನ್‌ನದು ಅಂತ /ಡೆವ್/ಡಿಸ್ಕ್/ಬೈ-ಯುಯುಐಡಿ ಒಳಗೆ ಯುಡೆವ್ ಹಾಕಿರುವ ಲಿಂಕ್‌ಗಳಲ್ಲೇ ಕಾಣುತ್ತದೆ.